ನಮ್ಮ ಎರಡು ದೋಣಿಗಳು

ನೀರೊಳಗಿರುವ ಎಮ್ಮೆಗೆ ವ್ಯಾಪಾರ ಮಾಡಬಾರದೆಂದು ಹಿರಿಯರು ಹೇಳುವ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ದೋಣಿಯ ಸಂಗತಿಯು ಇದಕ್ಕೆ ತೀರ ವಿಪರೀತವಾದುದು. ಅದನ್ನು ನೀರೊಳಗೇ ನೋಡಬೇಕು; ದಡದ ಮೇಲೆ ನೋಡಿ ಬೆಲೆ ಕಟ್ಟಿದವನು ಮೋಸಹೋಗುವನು. ನಾವು ದಡದ ಮೇಲೆಯೇ ನೋಡಿ ಕೊಂಡೆವು, ಅದರ ಫಲವನ್ನೂ ಉಂಡೆವು. ನದಿಯ ದಂಡೆಯಲ್ಲಿಯೋ ಕಡಲ ಕರೆಯಲ್ಲಿಯೋ ಮನೆಯಿದ್ದು, ಹಗಲಿನಲ್ಲಿ ನಾಲ್ಕು ತಾಸು ಗಾಳಿಯ ಬಲದಿಂದ ನೀರ ಮೇಲೆ ತಿರುಗಾಡಿ ಸಂಜೆಯೊಳಗೆ ಮನೆಗೆ ಮರಳುವುದಕ್ಕೆ ತಕ್ಕ ಚಿಕ್ಕ ಹಾಯಿದೋಣಿಯೊಂದು ಬೇಕೆಂಬ ಆಶೆಯುಳ್ಳ ಗೃಹಸ್ಥರು ಕೆಲವರಾದರೂ ಇರಬಹುದು. ಅಂಥವರಿಗೆ ಉಪಯೋಗವಾದೀತೆಂದು ನಮ್ಮ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುವೆವು.

ನಮ್ಮ ಮನೆಯು ಕಾರವಾರದ ಕೋಡಿಬಾಗದಲ್ಲಿ, ಕಾಳೀ ನದಿಯು ಕಡಲನ್ನು ಕೂಡುವ ಅಳಿವೆಯ ಸಮೀಪದಲ್ಲಿದೆ. ಘಟ್ಟದ ಮೇಲಣ ಊರುಗಳಲ್ಲಿ ಬಹು ವರ್ಷ ಹುಡುಗರಿಗೆ ಗಣಿತವನ್ನು ಕಲಿಸಿ, ಪೆನ್ಶನ್ನು ಪಡೆದು, 2020ರಲ್ಲಿ ಹಿರಿಯರ ಮನೆಗೆ ಬಂದು ಸೇರಿದೆವು. ಹಿತ್ತಿಲ ತೆಂಗಿನ ಸಾಲು ಮುಗಿದಲ್ಲಿ ನೀರು ಮೊದಲಾಗುತ್ತದೆ. ಎದುರು ದಂಡೆಯಲ್ಲಿ ಸದಾಶಿವಗಡದ ಗುಡ್ಡ. ಬಾಯಿಯ ಕಡೆಗೆ ನೋಡಿದರೆ ದೇವಬಾಗದ ಗಾಳಿಮರಗಳು. ನಮ್ಮ ಅಜ್ಜನ ಕಾಲದಲ್ಲಿ ಈ ನೀರಿನ ಮೇಲೆ ಹಾಯಿ ಕಾಣದ ದಿನವೇ ಇರಲಿಲ್ಲವಂತೆ. ಈಗ ಎಲ್ಲೆಲ್ಲಿಯೂ ಯಂತ್ರದ ಸಪ್ಪಳ. ಮೀನುಗಾರರು ಹಾಯಿಯನ್ನು ಬಿಟ್ಟುದಕ್ಕೆ ಅವರನ್ನು ದೂರುವವರುಂಟು, ನಾವು ದೂರಲಾರೆವು. ಹಿಡಿದ ಮೀನು ಕೆಡುವುದರೊಳಗೆ ಪೇಟೆಯನ್ನು ಮುಟ್ಟಿಸಬೇಕಾದವನು ಗಾಳಿಯ ದಾರಿ ಕಾಯುತ್ತ ಕುಳಿತರೆ ಅವನ ಮಕ್ಕಳಿಗೆ ಗಂಜಿ ಎಲ್ಲಿಂದ ಬರಬೇಕು? ಗಾಳಿಗಾಗಿ ಕಾಯುವ ಸುಖವು ನಮ್ಮಂಥ ಪೆನ್ಶನ್‌ದಾರರಿಗೆ ಮಾತ್ರ ಮೀಸಲು.

ಇಂಥ ವಿಹಾರವು ಈ ಊರಿಗೆ ಹೊಸದೇನೂ ಅಲ್ಲ. ರವೀಂದ್ರನಾಥ ಠಾಕೂರರು ತರುಣರಾಗಿದ್ದಾಗ, 1883ರ ಸುಮಾರಿಗೆ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳುದಿಂಗಳಲ್ಲಿ ದೋಣಿಯೇರಿ ಇದೇ ನದಿಯಲ್ಲಿ ಮೇಲಕ್ಕೆ ಹೋಗಿ, ಹಿಂದಿರುಗುವಾಗ ಅಳಿವೆಯ ಬಳಿ ಇಳಿದು ಉಸುಕಿನ ಮೇಲೆ ನಡೆದು ಮನೆ ಸೇರಿದ ಸಂಗತಿಯನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿರುವರು. ಅದನ್ನು ಓದಿದಂದಿನಿಂದ ನಮಗೂ ಒಂದು ದೋಣಿಯ ಹುಚ್ಚು ಹಿಡಿದಿತ್ತು. ಆದರೆ ಅವರ ದೋಣಿಯನ್ನು ನಡೆಸಿದವರು ಬಲ್ಲ ಅಂಬಿಗರು. ನಮ್ಮದನ್ನು ನಾವೇ ನಡೆಸಬೇಕಾಗಿತ್ತು. ಈ ವ್ಯತ್ಯಾಸವು ನಮ್ಮ ತಲೆಗೆ ಹೊಳೆಯಲೇ ಇಲ್ಲ.

2021ರ ನವೆಂಬರಿನಲ್ಲಿ ಗೋವೆಯಲ್ಲಿ ಪರಿಚಿತರೊಬ್ಬರು ತಮ್ಮ ಲೇಸರ್ ಎಂಬ ಜಾತಿಯ ದೋಣಿಯನ್ನು ಮಾರುವರೆಂದು ತಿಳಿಯಿತು. ಕೆನಡಾ ದೇಶದ ಬ್ರೂಸ್ ಕರ್ಬಿ ಎಂಬವರು ರೂಪಿಸಿದ ಈ ದೋಣಿಯು 1996ರಿಂದ ಒಲಿಂಪಿಕ್ ಪಂದ್ಯಗಳಲ್ಲಿ ಓಡುತ್ತಿದೆ. ನಮ್ಮ ದೇಶದ ನೇತ್ರಾ ಕುಮನನ್ ಎಂಬ ತರುಣಿಯು ಟೋಕಿಯೋ ಒಲಿಂಪಿಕ್ಕಿನಲ್ಲಿ ಸ್ಪರ್ಧಿಸಿದ್ದೂ ಇದೇ ಕುಲದ ದೋಣಿಯಲ್ಲಿಯೇ. ಉದ್ದ 4.23 ಮೀಟರು, ಒಂದೇ ಹಾಯಿ, ಅದರ ವಿಸ್ತಾರ ಸುಮಾರು ಏಳು ಚದರ ಮೀಟರು, ಕೂಡ್ರಲಿಕ್ಕೆ ಅಂಗೈಯಗಲದ ಗುಳಿ. ದಡದ ಮೇಲೆ ಬಿಸಿಲಿಗೆ ಬಿಳುಪಾಗಿ ಹೊಳೆಯುತ್ತ ಮಲಗಿದ್ದ ಅದನ್ನು ಕಂಡೊಡನೆ ನಮಗೆ ಬೇರೆ ಯಾವುದೂ ಕಾಣದಾಯಿತು. ಆ ದೋಣಿಯು ಒಬ್ಬನಿಗಾಗಿ, ಅದರಲ್ಲಿಯೂ ಕಸುವಿನ ತರುಣನೊಬ್ಬನಿಗಾಗಿ ಹುಟ್ಟಿದುದೆಂಬುದನ್ನು ಮಾರಿದವರು ಹೇಳಿಯೇ ಹೇಳಿದರು. ಅರುವತ್ತೆರಡರ ನಮಗೆ ಆ ಮಾತು ಹೊಗಳಿಕೆಯಂತೆ ಕೇಳಿಸಿತು. ಮನೆಯಲ್ಲಿ ಯಾರನ್ನೂ ಕೇಳದೆ ಹಣವನ್ನು ಎಣಿಸಿಕೊಟ್ಟೆವು.

ಮುಂದಿನದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. 2022ರ ಫೆಬ್ರುವರಿ, ನಡುಹಗಲು ಮೀರಿ ಮೂರು ತಾಸಿನ ಸುಮಾರು. ಹತ್ತು ವರ್ಷದ ಮೊಮ್ಮಗನನ್ನು ಗುಳಿಯಲ್ಲಿ ನಮ್ಮ ಮೊಣಕಾಲ ಬಳಿ ಕೂರಿಸಿಕೊಂಡು ಅಳಿವೆಯ ಕಡೆಗೆ ಹೊರಟೆವು. ನೀರು ಇಳಿತದಲ್ಲಿತ್ತು, ಗಾಳಿಯು ಕಡಲಿನಿಂದ ಬಲವಾಗಿ ಬೀಸುತ್ತಿತ್ತು. ಹೊರಕ್ಕೆ ಹರಿಯುವ ನೀರಿಗೆ ಒಳಕ್ಕೆ ಬೀಸುವ ಗಾಳಿಯು ಎದುರಾದಲ್ಲಿ ಅಲೆಗಳು ಕುತ್ತನೆ ಎದ್ದು ನಿಲ್ಲುತ್ತವೆ. ಇದು ಕಡಲ ಕರೆಯ ಕೂಸಿಗೂ ಗೊತ್ತಿರುವ ವಿಷಯ. ಘಟ್ಟದ ಮೇಲೆ ತ್ರಿಕೋನಮಿತಿ ಕಲಿಸಿದ ನಮಗೆ ಗೊತ್ತಿರಲಿಲ್ಲ. ಹಗ್ಗವನ್ನು ಹಿಡಿದು ಹಿಡಿದು ಅಂಗೈ ಕೆಂಪಾಗಿದ್ದಿತಾದ್ದರಿಂದ ಅದನ್ನು ಎಳೆದು ಒಂದು ಗಂಟು ಹಾಕಿ ಕಟ್ಟಿಬಿಟ್ಟೆವು. ಹಾಯಿಯ ಹಗ್ಗವು ಯಾವಾಗಲೂ ಕೈಯಲ್ಲಿರಬೇಕು. ಗಾಳಿಯು ಹೊಡೆದ ಕ್ಷಣದಲ್ಲಿ ಅದನ್ನು ಸಡಿಲ ಬಿಟ್ಟರೆ ಹಾಯಿ ಬರಿದಾಗಿ ದೋಣಿ ಎದ್ದು ನಿಲ್ಲುತ್ತದೆ. ಕಟ್ಟಿದ ಹಗ್ಗವನ್ನು ಬಿಡುವುದೆಂತು? ಒಂದೇ ಹೊಡೆತಕ್ಕೆ ದೋಣಿ ಮಗುಚಿತು. ನಾವು ಒಂದು ಪಕ್ಕಕ್ಕೆ ಬಿದ್ದೆವು. ಹುಡುಗನು ಹಾಯಿಯ ಅಡಿಯಲ್ಲಿ ಬಿದ್ದನು. ಅವನು ತೊಟ್ಟಿದ್ದ ತೇಲಂಗಿಯು ಅವನನ್ನು ಮೇಲಕ್ಕೆತ್ತಿತು, ಆದರೆ ಮೇಲೆ ಒದ್ದೆಯ ಹಾಯಿ. ಅವನು ತಾನಾಗಿಯೇ ತೆವಳುತ್ತ ಅಂಚಿಗೆ ಬಂದು ತಲೆಯೆತ್ತುವ ತನಕ ಎಷ್ಟು ಹೊತ್ತು ಕಳೆಯಿತೋ ತಿಳಿಯದು. ಹತ್ತು ಎಣಿಸುವಷ್ಟಿರಬಹುದು. ನಮ್ಮ ಆಯುಷ್ಯದಲ್ಲಿ ಅಷ್ಟು ದೀರ್ಘವಾದ ಎಣಿಕೆಯನ್ನು ನಾವು ಮಾಡಿದ್ದಿಲ್ಲ. ಬಲೆ ಎಳೆದು ಬರುತ್ತಿದ್ದ ಒಬ್ಬ ವೃದ್ಧ ತಾಂಡೇಲರು ತಮ್ಮ ಯಂತ್ರದ ದೋಣಿಯನ್ನು ತಿರುಗಿಸಿ ಇಬ್ಬರನ್ನೂ ಮೇಲಕ್ಕೆಳೆದುಕೊಂಡರು.

ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಹುಡುಗನ ತಲೆಯನ್ನು ಒರೆಸಿ, ಶುಂಠಿಯ ಕಷಾಯವನ್ನು ಕೊಟ್ಟು ಮಲಗಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ದೋಣಿಯ ಚುಕ್ಕಾಣಿ ಕಾಣದು. ಅದನ್ನು ಬಿಚ್ಚಿ ಅಟ್ಟದ ಮೇಲೆ, ಹಳೆಯ ತೊಟ್ಟಿಲ ಹಿಂದೆ ಇರಿಸಿ ಅಟ್ಟಕ್ಕೆ ಬೀಗ ಹಾಕಿದ್ದರು. ಅವರ ತವರೂ ಈ ಊರೇ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹದೇವರ ಜಾತ್ರೆಯಿಂದ ಜನರನ್ನು ಕೂಡಿಸಿಕೊಂಡು ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ತಾಳಲಾರದಷ್ಟು ಜನರನ್ನು ಅದು ಹೊತ್ತಿತ್ತು. ಆಗ ಅವರು ತವರಿನಲ್ಲಿಯೇ ಇದ್ದರು. ದಡಕ್ಕೆ ತಂದವರನ್ನು ಕಣ್ಣಾರೆ ಕಂಡವರು. ಇದನ್ನು ಬಲ್ಲ ನಾವು ಬೀಗದ ಕೈಯನ್ನು ಕೇಳುವ ಧೈರ್ಯ ಮಾಡಲಿಲ್ಲ.

ಕೆಲವು ದಿನಗಳ ಮೇಲೆ ತೆಂಗಿನಕಾಯಿ ಬಾಳೆಹಣ್ಣುಗಳನ್ನು ಹಿಡಿದುಕೊಂಡು ಆ ತಾಂಡೇಲರ ಮನೆಗೆ ಹೋದೆವು. ಅವರು ಬಾಲ್ಯದಲ್ಲಿ ಹಾಯಿಯನ್ನೇ ನಂಬಿ ಕಡಲಿಗೆ ಹೋದವರು. “ಮಾಸ್ತರರೇ, ದೋಣಿಯಲ್ಲಿ ತಪ್ಪಿಲ್ಲ. ದೋಣಿ ತರುವ ಮೊದಲು ಗಾಳಿಯನ್ನು ಕೇಳಬೇಕಿತ್ತು. ನೀವು ಗಾಳಿಯನ್ನೂ ಕೇಳಲಿಲ್ಲ, ಅಮ್ಮನವರನ್ನೂ ಕೇಳಲಿಲ್ಲ,” ಎಂದರು. ನಾವು ತಲೆ ತಗ್ಗಿಸಿದೆವು.

ಮನೆಗೆ ಬಂದು ಗಾಳಿಯ ಲೆಕ್ಕ ಬರೆಯುವುದಕ್ಕೆಂದು ಒಂದು ವಹಿಯನ್ನು ಹೊಲಿದೆವು. ಮಳೆಗಾಲ ಕಳೆದು ಅಕ್ಟೋಬರ್ ಬಂದಾಗ ದಿನಾಲು ತಾಸಿಗೊಮ್ಮೆ ಹಿತ್ತಿಲಿಗೆ ಹೋಗಿ ಗಾಳಿಯ ದಿಕ್ಕನ್ನೂ ಬಿರುಸನ್ನೂ ಗುರುತಿಸತೊಡಗಿದೆವು. ಹದಿನೈದು ದಿನ ಇದನ್ನು ನೋಡಿದ ನಮ್ಮ ಮನೆಯವರು ಒಂದು ದಿನ, “ಇದನ್ನು ಬರೆಯಲಿಕ್ಕೆ ಇಷ್ಟು ತಿರುಗಾಟವೇಕೆ? ಬೆಳಿಗ್ಗೆ ಒಣಗಲು ಹಾಕಿದ ಬಟ್ಟೆಗಳು ಕಡಲ ಕಡೆಗೆ ಹಾರುತ್ತವೆ. ಹತ್ತು ಹನ್ನೊಂದರ ಹೊತ್ತಿಗೆ ಸುಮ್ಮನೆ ತೂಗುತ್ತವೆ. ಊಟದ ಹೊತ್ತಿಗೆ ಮನೆಯ ಕಡೆಗೆ ತಿರುಗುತ್ತವೆ. ಮೂರು ನಾಲ್ಕು ತಾಸಿಗೆ ಚಿಮಟಿ ಹಾಕದಿದ್ದರೆ ಬಾವಿಕಟ್ಟೆಗೆ ಹೋಗಿ ಬೀಳುತ್ತವೆ. ದೀಪ ಹಚ್ಚುವ ಹೊತ್ತಿಗೆ ಮತ್ತೆ ಸುಮ್ಮನಾಗುತ್ತವೆ,” ಎಂದರು. ನಮ್ಮ ವಹಿಯಲ್ಲಿದ್ದುದೆಲ್ಲವೂ ಅದೇ! ಹಗಲಿನಲ್ಲಿ ನೆಲವು ನೀರಿಗಿಂತ ಬೇಗನೆ ಕಾಯ್ದು ಅಲ್ಲಿಯ ಗಾಳಿಯು ಮೇಲೇರುವುದರಿಂದ ಕಡಲ ತಂಪು ಗಾಳಿಯು ಒಳಕ್ಕೆ ನುಗ್ಗುವುದು. ರಾತ್ರಿಯಲ್ಲಿ ನೆಲವು ಬೇಗನೆ ಆರುವುದರಿಂದ ಇದು ತಿರುಗಾಮುರುಗಾ ಆಗುವುದು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಮ್ಮ ಕರಾವಳಿಯ ಗಡಿಯಾರವು ಬಹಳ ಮಾಡಿ ಹೀಗೆಯೇ ನಡೆಯುವುದು. ಹಿಂದಿನ ಮೀನುಗಾರರು ನಸುಕಿನ ನೆಲಗಾಳಿಗೆ ಹೊರಟು ನಡುಹಗಲಿನ ಕಡಲಗಾಳಿಗೆ ಮನೆ ಸೇರುತ್ತಿದ್ದುದು ಈ ಗಡಿಯಾರವನ್ನು ನೋಡಿಯೇ. ಮೂವತ್ತು ವರ್ಷ ನಮ್ಮ ಬಟ್ಟೆ ಒಗೆದು ಹಾಕಿದವರಿಗೆ ಗೊತ್ತಿದ್ದುದನ್ನು ಕಲಿಯುವುದಕ್ಕೆ ನಾವು ಒಂದು ಹಡಗು ಮುಳುಗಿಸಿದಂತಾಯಿತು.

ಆ ಸಂಜೆಯೇ ಎರಡನೆಯ ದೋಣಿಯ ಮಾತು ಹೊರಟಿತು, ಹೊರಡಿಸಿದವರು ಅವರೇ. “ದೋಣಿ ಬೇಡವೆನ್ನುವುದಿಲ್ಲ. ಹುಡುಗನು ರಜೆಗೆ ಬಂದಾಗಲೆಲ್ಲ ನೀರನ್ನೇ ನೋಡುತ್ತ ಕೂರುತ್ತಾನೆ; ನೋಡಿ ಹೆದರಿಕೊಂಡೇ ಇರುವುದಕ್ಕಿಂತ ಸರಿಯಾಗಿ ಕಲಿಯಲಿ. ಆದರೆ ಈ ಸಾರಿ ನಾನು ಕೂಡ ಕೂರುವಂಥದು ಬೇಕು. ನಾನು ಕೂರಲಾರದ ದೋಣಿಯಲ್ಲಿ ಅವನನ್ನು ಕಳಿಸಲಾರೆ,” ಎಂದರು. ಇದಕ್ಕಿಂತ ಯೋಗ್ಯವಾದ ಒರೆಗಲ್ಲನ್ನು ನಾವು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ. ಇಬ್ಬರು ಪ್ರಾಯಸ್ಥರು, ಒಬ್ಬ ಹುಡುಗ. ಒಬ್ಬರಿಗೆ ಮೊಣಕಾಲ ನೋವು. ದಡಕ್ಕೆ ಎಳೆಯಲು ಇರುವ ಕೈಗಳು ಆರೇ. ದೋಣಿಯ ಆಯ್ಕೆಯು ಇಲ್ಲಿಂದ ಮೊದಲಾಗಬೇಕು, ಹಾಯಿಯ ಬಣ್ಣದಿಂದಲ್ಲ.

ಅಡಿಯಲ್ಲಿ ಭಾರವಾದ ಲೋಹದ ಹಲಗೆಯನ್ನು ಕಾಯಮ್ಮಾಗಿ ಜೋಡಿಸಿದ ದೋಣಿಗಳುಂಟು. ಅವು ಸುಲಭವಾಗಿ ಮಗುಚವು. ಆದುದರಿಂದ ಮೊದಲು ನಮ್ಮ ಮನಸ್ಸು ಅತ್ತ ಒಲಿಯಿತು. ಆದರೆ ಅವಕ್ಕೆ ಆಳವಾದ ನೀರು ಬೇಕು, ಸದಾ ನೀರಿನಲ್ಲಿಯೇ ಲಂಗರು ಹಾಕಿ ನಿಲ್ಲಿಸುವ ನೆಲೆ ಬೇಕು. ನಮ್ಮ ಅಳಿವೆಯಲ್ಲಿ ಉಸುಕಿನ ದಿಬ್ಬಗಳು ಮಳೆಗಾಲ ಮಳೆಗಾಲಕ್ಕೆ ಸ್ಥಾನ ಬದಲಿಸುತ್ತವೆ. ಇಳಿತದಲ್ಲಿ ಹಿತ್ತಿಲ ಮುಂದೆ ಮೊಣಕಾಲುದ್ದ ನೀರೂ ಉಳಿಯುವುದಿಲ್ಲ. ಜೂನ್ ಬಂದರೆ ದೋಣಿಯನ್ನು ಮನೆಯ ಒಳಗೇ ತರಬೇಕು. ಆದ್ದರಿಂದ ಆ ಯೋಚನೆ ಬಿಟ್ಟೆವು. ಬೇಕೆಂದಾಗ ಕೆಳಗಿಳಿಸಿ ಬೇಡವೆಂದಾಗ ಮೇಲೆತ್ತುವ ನಡುಹಲಗೆಯ ದೋಣಿಯೇ ನಮಗೆ ತಕ್ಕುದು. ಇದರಲ್ಲಿಯೂ ಎರಡು ಬಗೆ. ಕತ್ತಿಯನ್ನು ಒರೆಯಲ್ಲಿ ಇಳಿಸುವಂತೆ ಇಳಿಸುವುದೊಂದು. ಉಸುಕಿಗೆ ತಾಗಿದರೆ ಅದು ಸಿಕ್ಕಿಕೊಳ್ಳುವುದು, ಇಲ್ಲವೇ ಮುರಿಯುವುದು. ಕೀಲಿನ ಮೇಲೆ ತಿರುಗುವುದು ಇನ್ನೊಂದು. ಅದು ನೆಲ ತಾಗಿದೊಡನೆ ತಾನೇ ಮಡಚಿಕೊಂಡು ಮೇಲೇರುವುದು. ಉಸುಕಿನ ಊರಿನವರು ಈ ಎರಡನೆಯದನ್ನೇ ಕೇಳಿ ಪಡೆಯಬೇಕು. ಚುಕ್ಕಾಣಿಯೂ ಹಾಗೆಯೇ ಮೇಲೇಳುವಂತಿರಬೇಕು.

ತಾಂಡೇಲರು ತಮ್ಮ ಹಳೆಯ ಪಾತಿ ದೋಣಿಯನ್ನು ಕೊಡಬಂದರು. ಒಂದು ಪಕ್ಕಕ್ಕೆ ತೇಲುಮರವನ್ನು ಕಟ್ಟಿದ ಈ ದೋಣಿಗಳು ನಮ್ಮ ಕರಾವಳಿಯ ಹೆಮ್ಮೆ. ಆದರೆ ಅದನ್ನು ಹಾಯಿಯಿಂದ ನಡೆಸಲು ಬಾಲ್ಯದಿಂದ ಪಳಗಿದ ಕೈ ಬೇಕು. ಅವರೇ ಎರಡು ಗಳಿಗೆ ಯೋಚಿಸಿ, “ಬೇಡ ಮಾಸ್ತರರೇ, ಇದು ನಿಮ್ಮ ಮಾತು ಕೇಳಲಿಕ್ಕಿಲ್ಲ,” ಎಂದುಬಿಟ್ಟರು.

ಪರದೇಶದ ದೋಣಿಗಳ ವಿವರಗಳನ್ನು ಓದಿದೆವು. ವೇಫೇರರ್ ಎಂಬುದೊಂದನ್ನು ಇಂಗ್ಲೆಂಡಿನ ಇಯನ್ ಪ್ರಾಕ್ಟರ್ ಎಂಬವರು 1957ರಲ್ಲಿ ರೂಪಿಸಿದರು. ಉದ್ದ 4.83 ಮೀಟರು, ಸಂಸಾರವೆಲ್ಲ ಕೂರಬಹುದು, ಬುತ್ತಿಯನ್ನೂ ಇಡಬಹುದು. ಫ್ರಾಂಕ್ ಡೈ ಎಂಬ ಸಾಹಸಿಯು 1963ರಲ್ಲಿ ಈ ತೆರೆದ ದೋಣಿಯಲ್ಲಿಯೇ ಸ್ಕಾಟ್‌ಲ್ಯಾಂಡಿನಿಂದ ಐಸ್‌ಲ್ಯಾಂಡಿಗೆ ಹೋದನು. ಅಷ್ಟು ನಂಬಿಗಸ್ತ ದೋಣಿ; ಆದರೆ ಬರಿದೇ ಅದರ ಮೈ 168 ಕಿಲೋ ತೂಗುವುದು. ನಮ್ಮ ಆರು ಕೈಗಳಿಗೆ ಅದು ಮೀರಿದ ಮಾತು. ಎಳೆಯುವ ಭಯದಿಂದ ದಡದಲ್ಲಿಯೇ ಉಳಿಯುವ ದೋಣಿಯು ಎಷ್ಟು ಗುಣವಂತವಾದರೇನು? ಆಪ್ಟಿಮಿಸ್ಟ್ ಎಂಬುದನ್ನು ಅಮೇರಿಕೆಯ ಕ್ಲಾರ್ಕ್ ಮಿಲ್ಸ್ 1947ರಲ್ಲಿ ಮಕ್ಕಳಿಗಾಗಿಯೇ ಮಾಡಿದನು; 2.3 ಮೀಟರಿನ ಆ ಡಬ್ಬಿಯಲ್ಲಿ ಲೋಕದ ಎಷ್ಟೋ ಮಕ್ಕಳು ಹಾಯಿಯ ಅಕ್ಷರಾಭ್ಯಾಸ ಮಾಡಿದ್ದಾರೆ. ಅದು ಹುಡುಗನಿಗೆ ಸಾಕು, ಅಜ್ಜಿಗೆ ಸಾಲದು.

ಕೊನೆಗೆ ನಮ್ಮ ಮನಸ್ಸು ನಿಂತುದು ಮಿರರ್ ಎಂಬ ಬಗೆಯ ಮೇಲೆ. ಲಂಡನ್ನಿನ ಡೇಲಿ ಮಿರರ್ ಪತ್ರಿಕೆಯ ಆಶ್ರಯದಲ್ಲಿ, ಸಾಮಾನ್ಯ ಕುಟುಂಬದವರು ಮನೆಯಲ್ಲಿಯೇ ಕೂಡಿಸಿಕೊಳ್ಳಲೆಂದು, ಜ್ಯಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಎಂಬವರು ಅದನ್ನು ರೂಪಿಸಿದರು. 1963ರಲ್ಲಿ ಅದು ಜನರ ಮುಂದೆ ಬಂದಿತು. ಕೆಂಪು ಹಾಯಿ, ಮೊಂಡು ಮೂಗು, ಉದ್ದ 3.3 ಮೀಟರು, ಮೈಯ ತೂಕ 45 ಕಿಲೋದಷ್ಟು. ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಅಂಥ ದೋಣಿಗಳು ಕಟ್ಟಲ್ಪಟ್ಟಿವೆ. ಕೂವೆಮರವು ಗಿಡ್ಡ, ಹಾಯಿಯ ಮೇಲ್ಭಾಗವನ್ನು ಹೊರುವ ಕೋಲು ಬೇರೆ. ಎಲ್ಲವನ್ನೂ ಬಿಚ್ಚಿದರೆ ದೋಣಿಯ ಒಳಗೇ ಅಡಗುವುದು; ಜಗಲಿಯ ಮೇಲೆ ತೊಲೆಗೆ ತೂಗಹಾಕಬಹುದು.

ಕಟ್ಟುವ ರೀತಿಯು ಇನ್ನೂ ಸ್ವಾರಸ್ಯವಾದುದು. ತೆಳುವಾದ ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆ ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನೂ ರಾಳವನ್ನೂ ಮೆತ್ತುವರು. ಇದನ್ನು ತಾಂಡೇಲರಿಗೆ ವಿವರಿಸಿದಾಗ ಅವರು ಗಟ್ಟಿಯಾಗಿ ನಕ್ಕರು. “ನಮ್ಮ ಅಜ್ಜನೂ ದೋಣಿಯನ್ನು ಹೊಲಿಯುತ್ತಿದ್ದ, ತೆಂಗಿನ ನಾರಿನ ಹುರಿಯಿಂದ. ವಿಲಾಯತಿಯವರು ತಂತಿ ಹಾಕಿದರೋ!” ಎಂದರು. ಪಶ್ಚಿಮ ಕರಾವಳಿಯಲ್ಲಿ ಮೊಳೆಯಿಲ್ಲದೆ ಹುರಿಯಿಂದ ಹೊಲಿದ ದೋಣಿಗಳು ಹಿಂದೆ ಎಲ್ಲೆಡೆಯೂ ಇದ್ದವು. ಆ ಮಾತಿನಿಂದ ಈ ಪರದೇಶದ ದೋಣಿಯು ನಮ್ಮ ಬಂಧುವೇ ಆಯಿತು.

ಮೂವರಿಗೆ ಮಿರರ್ ತುಸು ಇಕ್ಕಟ್ಟು. ಆದುದರಿಂದ ಅದೇ ರೀತಿಯಲ್ಲಿ ಹೊಲಿದು ಕಟ್ಟುವಂಥ, ಒಂದಡಿ ಹೆಚ್ಚು ಉದ್ದದ ದೋಣಿಯ ನಕ್ಷೆಯನ್ನು ಕೊಂಡು ತರಿಸಿದೆವು. ಲೇಸರನ್ನು ಇಪ್ಪತ್ತೆರಡು ವರ್ಷದ ತರುಣನೊಬ್ಬನಿಗೆ ಮಾರುವುದಕ್ಕಾಗಿ ನಮ್ಮ ಮನೆಯವರು ತಾವಾಗಿ ಅಟ್ಟದ ಬೀಗ ತೆಗೆದು ಚುಕ್ಕಾಣಿಯನ್ನು ಇಳಿಸಿಕೊಟ್ಟರು. ಅವನು ಅದನ್ನೇರಿ ಹಕ್ಕಿಯಂತೆ ಹಾರಿಹೋದುದನ್ನು ದಡದಲ್ಲಿ ನಿಂತು ನೋಡಿದೆವು, ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು. 2024ರ ಮಳೆಗಾಲವೆಲ್ಲ ಬಡಗಿಯೊಬ್ಬರನ್ನು ಕೂಡಿಕೊಂಡು ಜಗಲಿಯಲ್ಲಿ ಕೆಲಸ ನಡೆಯಿತು. ಆ ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆಯು ಕುಸಿದುಬಿದ್ದುದರಿಂದ ನದಿಯ ಮೇಲ್ಗಡೆಗೆ ಹೋಗುವ ನಮ್ಮ ಸಂಕಲ್ಪವನ್ನು ಸದ್ಯಕ್ಕೆ ಮಡಚಿಟ್ಟೆವು. ದಕ್ಷಿಣದಲ್ಲಿ ಅರಗದ ಬಳಿ ನೌಕಾದಳದ ನೆಲೆಯಿರುವುದರಿಂದ ಅತ್ತ ಹೋಗುವ ಮಾತೇ ಇಲ್ಲ. ಉಳಿದುದು ಮನೆಯ ಮುಂದಿನ ನೀರು. ಹಗಲಿನ ವಿಹಾರಕ್ಕೆ ಅದು ಧಾರಾಳವಾಗಿ ಸಾಕು.

ಎರಡು ಸಂಗತಿಗಳಲ್ಲಿ ನಮ್ಮ ಮನೆಯವರು ಹಟ ಹಿಡಿದರು. ಮುಂದೆ ಹಿಂದೆ ಪಕ್ಕಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಗೂಡುಗಳಿರಬೇಕು. ನೀರು ತುಂಬಿದರೂ ದೋಣಿ ತೇಲಿಯೇ ಇರಬೇಕು. ಇನ್ನೊಂದು, ಬಟ್ಟೆಗೆ ಚಿಮಟಿ ಬೇಕಾಗುವ ಹೊತ್ತಿಗೆ ಹಾಯಿಯನ್ನು ಕಿರಿದುಮಾಡಲು ಬರುವಂತಿರಬೇಕು. ಅದಕ್ಕಾಗಿ ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಲು ಎರಡು ಸಾಲು ದಾರಗಳನ್ನು ಹೊಲಿಸಿದೆವು. ಡಿಸೆಂಬರಿನಲ್ಲಿ ನಾವೂ ಹುಡುಗನೂ ಮೊಣಕಾಲಿನಿಂದ ಎದೆಯ ತನಕ ಬರುವ ನೀರಿನಲ್ಲಿ ಅದನ್ನು ಬೇಕೆಂದೇ ಏಳು ಸಾರಿ ಮಗುಚಿದೆವು. ನಡುಹಲಗೆಯ ಮೇಲೆ ಕಾಲೂರಿ ಅಂಚನ್ನು ಹಿಡಿದು ಹಿಂದಕ್ಕೆ ವಾಲಿದರೆ ದೋಣಿಯು ನಿಧಾನವಾಗಿ ಎದ್ದು ಬರುವುದು. ಏಳನೆಯ ಸಾರಿ ಹುಡುಗನೊಬ್ಬನೇ ಎಬ್ಬಿಸಿದನು. ನಮ್ಮ ಮನೆಯವರು ತೆಂಗಿನ ಬುಡದಲ್ಲಿ ಮುಖ ತಿರುಗಿಸದೆ ಕುಳಿತು ಏಳನ್ನೂ ನೋಡಿದರು. ತರುವಾಯ ಎದ್ದು, “ನಾಳೆ ಬೆಳಿಗ್ಗೆ ಭರತ ಎಷ್ಟು ಹೊತ್ತಿಗೆ?” ಎಂದು ಕೇಳಿದರು.

ಮರುದಿನ ಎಂಟು ತಾಸಿಗೆ ನೆಲಗಾಳಿಯು ಮೆಲ್ಲಗೆ ಬೀಸುತ್ತಿತ್ತು. ನೀರು ಏರುತ್ತಿತ್ತು. ಮೂವರೂ ತೇಲಂಗಿ ತೊಟ್ಟು ಕುಳಿತೆವು. ಅವರು ತಮ್ಮ ಸೀರೆಯ ಸೆರಗನ್ನು ಅದರೊಳಗೆ ಬಿಗಿಯಾಗಿ ಸಿಕ್ಕಿಸಿದ್ದರು. ಚುಕ್ಕಾಣಿ ಹುಡುಗನ ಕೈಯಲ್ಲಿ. ಹಾಯಿಯ ಹಗ್ಗವನ್ನು ನಾವು ಹಿಡಿಯಹೋದಾಗ ಅವರು ಕೈ ನೀಡಿ, “ಇತ್ತ ಕೊಡಿ,” ಎಂದು ತೆಗೆದುಕೊಂಡರು. ದೇವಬಾಗದ ಕಡೆಗೆ ಹೋಗಿ, ಅಳಿವೆಯನ್ನು ದಾಟದೆ ತಿರುಗಿ, ಹತ್ತೂವರೆಗೆ ಗಾಳಿ ನಿಂತಾಗ ನಾವೂ ನಿಂತೆವು. ಪುಳಿಯೋಗರೆಯ ಡಬ್ಬಿಯನ್ನು ಬಿಚ್ಚಿದರೆ ಅರ್ಧಕ್ಕೆ ನೀರು ಹೊಕ್ಕಿತ್ತು. ಮೇಲಣ ಅರ್ಧವನ್ನು ಹಂಚಿಕೊಂಡು ತಿಂದೆವು. ಪಡುವಣ ನೀರಿನ ಮೇಲೆ ಕಪ್ಪು ಗೆರೆಯೊಂದು ಮೂಡಿ ನಮ್ಮ ಕಡೆಗೆ ಹರಿದು ಬಂದುದನ್ನು ಮೊದಲು ಕಂಡವರು ಅವರೇ. “ಬಟ್ಟೆ ತಿರುಗುವ ಹೊತ್ತಾಯಿತು,” ಎಂದು ಹುಡುಗನಿಗೆ ಹೇಳಿ ಹಗ್ಗವನ್ನು ತುಸು ಎಳೆದರು. ದೋಣಿಯು ಮನೆಯ ಕಡೆಗೆ ಮೂಗು ತಿರುಗಿಸಿತು. ದಾರಿಯುದ್ದಕ್ಕೂ ಅವರು ಆಡಿದುದು ಒಂದೇ ಮಾತು: ಮುಂದಿನ ಸಾರಿ ಬುತ್ತಿಗೆ ತಿರುಗಿಸುವ ಮುಚ್ಚಳದ ಡಬ್ಬಿಯೇ ಆಗಬೇಕೆಂದು.